ಕೊಲಂಬೊದಿಂದ ಒಂದೇ ದಿನದಲ್ಲಿ ಗಾಲೆ ಕೋಟೆ ನೋಡಿ ಬರಬಹುದೇ? ಜೊತೆಗೆ ಮಂಡಿನೋವಿರುವ ಅಮ್ಮ ಇದ್ದಾರೆ, ನಾವು ಸಸ್ಯಾಹಾರಿಗಳು

ಧಾರಾಳವಾಗಿ ಬರಬಹುದು, ಹೊತ್ತು ನೋಡಿಕೊಂಡು ಹೋದರೆ. ಶ್ರೀಲಂಕಾದ ದಕ್ಷಿಣ ತೀರದ ಈ ಗಾಲೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಕೋಟೆಗೋಡೆಯೇ. ಅದರ ಮೇಲೆ ನೆರಳು ಅನ್ನುವುದೇ ಇಲ್ಲ. ಹನ್ನೊಂದಕ್ಕೆ ಬಂದಿಳಿದು ನೇರ ಗೋಡೆ ಹತ್ತಿ, ಒಂದು ಗಂಟೆಯೊಳಗೆ ತಲೆನೋವು ತಂದುಕೊಂಡು, ಮೂರಕ್ಕೆಲ್ಲ ಹೊರಟುಬಿಡುವವರು ಬಹಳ. ಬೆಳಗ್ಗೆ ಬೀದಿಗಳು, ಮಧ್ಯಾಹ್ನ ಸೂರಿನಡಿ, ನಾಲ್ಕರ ನಂತರ ಗೋಡೆ. ಅಮ್ಮ ಜೊತೆಗಿರುವಾಗಲಂತೂ ಈ ಕ್ರಮ ತಪ್ಪಿಸಬೇಡಿ.

ಹೋಗುವಾಗ ಬೆಳಗಿನ ರೈಲು ಹಿಡಿಯಿರಿ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಎರಡು, ಎರಡೂವರೆ ಗಂಟೆ. ಆ ಹೊತ್ತಿಗೆ ಆಫೀಸಿನ ಜನಜಂಗುಳಿ ಕೊಲಂಬೊ ಕಡೆಗೆ ಬರುತ್ತಿರುತ್ತದೆ, ನೀವು ಎದುರು ದಿಕ್ಕಿಗೆ ಹೋಗುವುದರಿಂದ ಸೀಟು ಸಿಗುವ ಸಂಭವ ಜಾಸ್ತಿ. ಬಲಗಡೆ ಕಿಟಕಿಗೆ ಕೂತರೆ ಸಮುದ್ರ ಹಳಿಯ ಪಕ್ಕದಲ್ಲೇ. ಗಾಲೆ ನಿಲ್ದಾಣದಿಂದ ಕೋಟೆಯ ದೊಡ್ಡ ಬಾಗಿಲಿಗೆ ಹತ್ತು ನಿಮಿಷದ ನಡಿಗೆ. ಕೋಟೆಯೊಳಗೆ ಹೋಗಲು ಟಿಕೆಟ್ ಇಲ್ಲ, ಮ್ಯೂಸಿಯಂಗಳಿಗೆ ಮಾತ್ರ ದುಡ್ಡು.

ಈ ದೊಡ್ಡ ಬಾಗಿಲು ಬ್ರಿಟಿಷರು 1873ರಲ್ಲಿ ಗೋಡೆ ಒಡೆದು ಮಾಡಿದ್ದು. ಅದರ ಎರಡು ಮಗ್ಗುಲಲ್ಲಿ ಸೂರ್ಯ, ಚಂದ್ರ ಎಂಬ ಕೊತ್ತಲಗಳು, ಆಚೆಗೆ ನಕ್ಷತ್ರ ಕೊತ್ತಲ. ಕೋಟೆಯ ಅತಿ ದಪ್ಪ ಭಾಗ ಇದೇ, ಏಕೆಂದರೆ ನೆಲದ ಕಡೆಯಿಂದ ದಾಳಿ ಬರಬಹುದಾದದ್ದು ಇಲ್ಲಿಂದ ಮಾತ್ರ. ಪೋರ್ಚುಗೀಸರು ಕಟ್ಟಿಕೊಂಡಿದ್ದೂ ಮುಖ್ಯವಾಗಿ ಈ ಬದಿಯನ್ನೇ. 1640ರಲ್ಲಿ ಊರನ್ನು ಕಿತ್ತುಕೊಂಡ ಡಚ್ಚರು ಸಮುದ್ರದ ಬದಿಗಳನ್ನೂ ಸುತ್ತುಗಟ್ಟಿದರು. ಕಲ್ಲಿನ ಜೊತೆ ಹವಳದ ತುಂಡುಗಳು ಗೋಡೆಯಲ್ಲಿ ಅಲ್ಲಲ್ಲಿ ಇಣುಕುತ್ತವೆ, ಹತ್ತಿರ ಹೋಗಿ ನೋಡಿ.

ಒಳಗೆ ಹೋದವರು ಎಡಕ್ಕೆ ಚರ್ಚ್ ಸ್ಟ್ರೀಟ್ ಹಿಡಿಯಿರಿ. ಮೊದಲು 1755ರ ಡಚ್ ಚರ್ಚು. ನೆಲಕ್ಕೆ ಹಾಸಿದ ಚಪ್ಪಡಿಗಳೆಲ್ಲ ಸಮಾಧಿಕಲ್ಲುಗಳು, ಮೇಲೆ ತಲೆಬುರುಡೆ, ಮೂಳೆಗಳ ಕೆತ್ತನೆ. ಅಲ್ಲಿಂದ ಬಂದರಿನ ಕಡೆಗಿರುವ ಹಳೇ ಬಾಗಿಲಿಗೆ ಬನ್ನಿ. ಬಹಳ ಜನ ಇದರೊಳಗೆ ನಡೆದುಹೋಗಿಬಿಡುತ್ತಾರೆ, ತಲೆ ಎತ್ತುವುದಿಲ್ಲ. ಹೊರಮೈಯಲ್ಲಿ ಬ್ರಿಟಿಷರ ಲಾಂಛನ, ಒಳಮೈಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯದು: ಎರಡು ಸಿಂಹ, ಮೇಲೊಂದು ಹುಂಜ, 1669ರ ಇಸವಿ. ಹುಂಜ ಯಾಕೆಂದರೆ ಗಾಲೆ ಎಂಬ ಹೆಸರು ಪೋರ್ಚುಗೀಸರ ಕಿವಿಗೆ ಹುಂಜ ಎಂಬರ್ಥದ ತಮ್ಮ ‘ಗಾಲೊ’ ಥರ ಕೇಳಿಸಿತು ಅಂತ ಹೇಳುತ್ತಾರೆ. ಮುಂದೆ ಲೇನ್ ಬಾನ್ ಸ್ಟ್ರೀಟ್, ಎಂದರೆ ಹಡಗಿನ ಹಗ್ಗ ಹೊಸೆಯುತ್ತಿದ್ದ ಬೀದಿ. ಹಳೇ ಮನೆಗಳ ಮೇಲೆ ನಮ್ಮ ನಾಡಹೆಂಚಿನಂಥದೇ ಅರೆಗೊಳವೆ ಹೆಂಚು. ಅಂಗಡಿಗಳ ನಡುವೆ ಇವು ಸಂಸಾರವಿರುವ ಮನೆಗಳೇ. ತೆರೆದ ಬಾಗಿಲೊಳಗೆ ಕ್ಯಾಮೆರಾ ತೂರಿಸಬೇಡಿ.

ಮಧ್ಯಾಹ್ನದ ಊಟ. ಇಲ್ಲೇ ಸಸ್ಯಾಹಾರಿಗಳು ಮೋಸಹೋಗುವುದು. ಕಾಯಿಚಟ್ನಿಯಂತೆ ಕಾಣುವ ಪೊಲ್ ಸಂಬೋಲಕ್ಕೆ, ಕೆಲವೊಮ್ಮೆ ತರಕಾರಿ ಪಲ್ಯಕ್ಕೂ ‘ಉಂಬಲಕಡ’ ಅಂದರೆ ಒಣಮೀನಿನ ಪುಡಿ ಬಿದ್ದಿರುತ್ತದೆ. ‘ವೆಜ್’ ಅಂದರೆ ಅವರು ಇದನ್ನು ಲೆಕ್ಕಕ್ಕೆ ಹಿಡಿಯದೇ ಇರಬಹುದು. ‘ಮಸ್ ಮಾಳು ಎಪಾ, ಉಂಬಲಕಡ ಎಪಾ’ ಅನ್ನಿ: ಮಾಂಸ ಮೀನು ಬೇಡ, ಒಣಮೀನೂ ಬೇಡ. ಅನ್ನ, ಪರಿಪ್ಪು (ತೆಂಗಿನಹಾಲಿನ ತೊವ್ವೆ), ಬದನೆ ‘ಮೋಜು’ (ಕರಿದ ಬದನೆಯ ಹುಳಿಸಿಹಿ ಗೊಜ್ಜು) ಸಿಕ್ಕಿದರೆ ಊಟ ಸೊಗಸು. ದಾಹಕ್ಕೆ ಕಿತ್ತಳೆ ಬಣ್ಣದ ಎಳನೀರು, ‘ತಂಬಿಲಿ’. ಊಟವಾದ ಮೇಲೆ ಡಚ್ಚರ ಉಗ್ರಾಣದಲ್ಲಿರುವ ಕಡಲ ಮ್ಯೂಸಿಯಂ ಬಿಸಿಲು ಕಳೆಯಲು ಸಾಕು, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ರತ್ನದ ಅಂಗಡಿಗೆ ಕರೆದೊಯ್ಯುತ್ತೇನೆನ್ನುವ ಆಟೊದವರಿಗೆ ನಕ್ಕು ಮುಂದೆ ಹೋಗಿ.

ನಾಲ್ಕೂವರೆಗೆ ಆಗ್ನೇಯ ಮೂಲೆಯ ದೀಪಸ್ತಂಭ. 26.5 ಮೀಟರ್ ಎತ್ತರ, 1939ರದು. ಹಳೆಯದು ಬೆಂಕಿಗೆ ಆಹುತಿಯಾಗಿತ್ತು. ಎದುರಿಗೆ ಚರ್ಚಿನ ಆಕಾರದ ಬಿಳಿ ಕಟ್ಟಡವಿದೆಯಲ್ಲ, ಅದು ಮಸೀದಿ. ಅಲ್ಲಿಂದ ಫ್ಲಾಗ್ ರಾಕ್, ಟ್ರೈಟನ್, ನೆಪ್ಚೂನ್ ಹೀಗೆ ಕೊತ್ತಲದಿಂದ ಕೊತ್ತಲಕ್ಕೆ ಪಶ್ಚಿಮದ ಗೋಡೆಗುಂಟ ನಡೆಯಿರಿ. ಸೂರ್ಯ ಮುಳುಗುವುದು ಆರು, ಆರೂವರೆಯ ಆಸುಪಾಸು, ನೇರ ಎದುರಿಗೆ. ದಾರಿ ಹುಲ್ಲು ಮಣ್ಣಿನದು, ತಗ್ಗುದಿಬ್ಬ ಇದೆ, ಸಮುದ್ರದ ಅಂಚಿಗೆ ಕಂಬಿಯೂ ಇಲ್ಲ. ಅಮ್ಮನಿಗೆ ಪೂರ್ತಿ ನಡಿಗೆ ಬೇಡ: ಗೋಡೆಯ ಒಳಮಗ್ಗುಲಲ್ಲೇ ರ್‍ಯಾಂಪಾರ್ಟ್ ಸ್ಟ್ರೀಟ್ ಇದೆ, ಆಟೊದಲ್ಲಿ ಬಂದು ಇಳಿಜಾರು ಕಡಿಮೆಯಿರುವಲ್ಲಿ ಮೇಲೆ ಹತ್ತಿಸಿ ಕೂರಿಸಿ. ಫ್ಲಾಗ್ ರಾಕ್‌ನಲ್ಲಿ ಹುಡುಗರು ಬಂಡೆಗಳ ನಡುವಿನ ನೀರಿಗೆ ಹಾರಿ ದುಡ್ಡು ಕೇಳುತ್ತಾರೆ, ನೀವಾಗಿ ಹಾರಿಸಬೇಡಿ.

ಕೊನೆಗೆ ಚಂದ್ರ ಕೊತ್ತಲದ ಗಡಿಯಾರ ಗೋಪುರದ ಹತ್ತಿರ ನಿಂತರೆ ಕೆಳಗೆ ಕ್ರಿಕೆಟ್ ಮೈದಾನ. 2010ರಲ್ಲಿ ಮುರಳೀಧರನ್ 800ನೇ ವಿಕೆಟ್ ತೆಗೆದದ್ದು ಇಲ್ಲೇ, ಔಟಾದದ್ದು ನಮ್ಮ ಪ್ರಜ್ಞಾನ್ ಓಜಾ. 2004ರ ಸುನಾಮಿ ಈ ಮೈದಾನವನ್ನೂ ಪಕ್ಕದ ಬಸ್ ನಿಲ್ದಾಣವನ್ನೂ ಬಡಿದುಹಾಕಿತು, ಗೋಡೆಯ ಒಳಗಿನ ಊರು ಬಹುಮಟ್ಟಿಗೆ ಉಳಿಯಿತು.

ವಾಪಸ್ಸಿಗೆ ರೈಲು ನಂಬಬೇಡಿ, ಸೂರ್ಯಾಸ್ತ ನೋಡಿ ಬರುವಷ್ಟರಲ್ಲಿ ಸರಿಯಾದ ರೈಲು ಇಲ್ಲದಿರಬಹುದು. ಅದೇ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್‌ವೇ ಬಸ್ ಹತ್ತಿ, ಸುಮಾರು ಒಂದೂವರೆ ಗಂಟೆ. ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ. ಇದು ಇಳಿಸುವುದು ಮಾಕುಂಬುರದಂಥ ಹೊರವಲಯದಲ್ಲಿ, ಅಲ್ಲಿಂದ ಕೊಲಂಬೊ ಫೋರ್ಟ್‌ಗೆ ಇನ್ನೂ 20 ಕಿ.ಮೀ. ಆಸುಪಾಸು, ಟ್ಯಾಕ್ಸಿ ಖರ್ಚು ಸೇರಿಸಿಕೊಂಡೇ ಲೆಕ್ಕ ಹಾಕಿ. ದಿನ ಗೊತ್ತು ಮಾಡುವಾಗ ಹುಣ್ಣಿಮೆ ಬಿಡಿ: ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ರಜೆ, ರೈಲು ತುಂಬಿರುತ್ತದೆ, ಮ್ಯೂಸಿಯಂ ಮುಚ್ಚಿರಬಹುದು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು.