ಗಟ್ಟಿಯಾದ ಜೇನುತುಪ್ಪ ಕಲಬೆರಕೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಬಾಟಲಿ ಜೇನುತುಪ್ಪ ಇದೆ. ಶಿರಸಿಯ ತವರುಮನೆಯಿಂದ ಬಂದ ತುಡುವೆ ಜೇನು ಕಪ್ಪಗೆ, ತೆಳ್ಳಗಿದೆ, ಕೊನೆಗೆ ನಾಲಿಗೆಗೆ ಒಂಚೂರು ಕಹಿ. ಸೂರ್ಯಕಾಂತಿ ಹೊಲದಲ್ಲಿ ಪೆಟ್ಟಿಗೆ ಇಟ್ಟವರಿಂದ ಕೊಂಡದ್ದು ಈ ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿದೆ. ಸಕ್ಕರೆ ಪಾಕ ಬೆರೆಸಿರುವುದು ಯಾವುದಕ್ಕೆ? ಗಟ್ಟಿಯಾದದ್ದನ್ನು ಚೆಲ್ಲಿಬಿಡಲೇ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ದಯವಿಟ್ಟು ಚೆಲ್ಲಬೇಡಿ. ನೀವು ಬರೆದಿರುವ ಲಕ್ಷಣಗಳೆಲ್ಲ ಹೂವಿನಿಂದಲೇ ಬರುವಂಥವು, ಕಲಬೆರಕೆಯ ಗುರುತಲ್ಲ.

ನೂರು ಗ್ರಾಂ ಜೇನಿನಲ್ಲಿ ಸುಮಾರು 38 ಗ್ರಾಂ ಫ್ರಕ್ಟೋಸ್, 31 ಗ್ರಾಂ ಗ್ಲೂಕೋಸ್, 17 ಗ್ರಾಂ ನೀರು ಇರುತ್ತದೆ. ಇದು ಸರಾಸರಿ ಲೆಕ್ಕ. ಮಕರಂದದ ಸಕ್ಕರೆಗಳ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆ. ಹುಳು ತನ್ನ ಕಿಣ್ವದಿಂದ ಸುಕ್ರೋಸನ್ನು (ಅಡುಗೆಮನೆಯ ಸಕ್ಕರೆ ಇದೇ) ಒಡೆದರೂ ಆ ವ್ಯತ್ಯಾಸ ಪೂರ್ತಿ ಅಳಿಸಿಹೋಗುವುದಿಲ್ಲ. ಗ್ಲೂಕೋಸ್ ನೀರಿನಲ್ಲಿ ಫ್ರಕ್ಟೋಸ್‌ನಷ್ಟು ಕರಗದು. ಹೆಚ್ಚಿದ್ದರೆ ಹರಳಾಗಿ ಕೂರುತ್ತದೆ. ಸೂರ್ಯಕಾಂತಿ, ಸಾಸಿವೆ ಜೇನುಗಳು ಬೇಗ ಹೆಪ್ಪುಗಟ್ಟುವುದು ಇದಕ್ಕೇ. ಹರಳು ಅತಿ ಬೇಗ ಬೆಳೆಯುವುದು 13-14 ಡಿಗ್ರಿಯಲ್ಲಿ. ನಮ್ಮ ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳು ಅದಕ್ಕೆ ತೀರಾ ಹತ್ತಿರ. ಒಂದು ಚೂರು ನಾಲಿಗೆಯ ಮೇಲಿಟ್ಟು ನೋಡಿ, ಮೊದಲು ತರಿತರಿ ಎನಿಸಿ ಆಮೇಲೆ ತಣ್ಣಗೆ ಕರಗಿಹೋಗುತ್ತದೆ. ನನಗಂತೂ ದೋಸೆಗೆ ಹಚ್ಚಿಕೊಳ್ಳಲು ಈ ಗಟ್ಟಿ ಜೇನೇ ಇಷ್ಟ.

ತವರಿನ ಜೇನಿನ ಕಪ್ಪು, ಕಹಿ ಎರಡೂ ಮಲೆನಾಡಿನ ಮರಗಳ ಕೊಡುಗೆ. ನೇರಳೆ ಹೂವಿನ ಜೇನು ಹೀಗೇ ಇರುತ್ತದೆ. ಸಾಮಾನ್ಯವಾಗಿ ಬಣ್ಣ ಗಾಢವಾದಷ್ಟೂ ಪೊಟ್ಯಾಸಿಯಂನಂಥ ಖನಿಜಗಳು, ಫೀನಾಲ್ ಸಂಯುಕ್ತಗಳು ಹೆಚ್ಚು. ಪರಿಮಳದ್ದೂ ಇದೇ ಕಥೆ. ಕಿತ್ತಳೆ, ನಿಂಬೆ ಜಾತಿಯ ಹೂವಿನ ಜೇನಿಗೆ ಆ ಘಮ ಕೊಡುವುದರಲ್ಲಿ ಮೀಥೈಲ್ ಆಂಥ್ರನಿಲೇಟ್‌ಗೆ ಮುಖ್ಯ ಪಾಲಿದೆ. ನ್ಯೂಜಿಲೆಂಡಿನ ಮನುಕಾ ಗಿಡದ ಮಕರಂದದಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್ ನಿಧಾನವಾಗಿ ಮೀಥೈಲ್‌ಗ್ಲೈಆಕ್ಸಲ್ ಆಗಿ, ಬ್ಯಾಕ್ಟೀರಿಯಾ ತಡೆಯುವ ಗುಣ ಕೊಡುತ್ತದೆ. ಆದರೆ ಯಾವ ಹೂವಿನದಾದರೂ ಜೇನು ಬಹುಪಾಲು ಸಕ್ಕರೆಯೇ; ಮಧುಮೇಹಿಗಳು ಮರೆಯಬಾರದು. ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಲೇಬೇಡಿ, ಬಾಟ್ಯುಲಿಸಂ ಎಂಬ, ಬ್ಯಾಕ್ಟೀರಿಯಾ ವಿಷದಿಂದ ಬರುವ ಕಾಯಿಲೆಯ ಅಪಾಯವಿದೆ.

ಲೋಟದ ನೀರಿಗೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು ಇವುಗಳಿಂದ ಕಲಬೆರಕೆ ತಿಳಿಯದು. ಯಾವ ಹೂವೆಂದು ತಿಳಿಯಲು ಸೂಕ್ಷ್ಮದರ್ಶಕದಡಿ ಪರಾಗ ಎಣಿಸುತ್ತಾರೆ. ಕಬ್ಬು, ಮೆಕ್ಕೆಜೋಳದ ಸಕ್ಕರೆ ಸೇರಿದೆಯೇ ಎಂಬುದಕ್ಕೆ ಕಾರ್ಬನ್ ಐಸೊಟೋಪ್ ಪರೀಕ್ಷೆ ಬೇಕು, ಅದು ಪ್ರಯೋಗಾಲಯದ ಕೆಲಸ.

ಗಟ್ಟಿಯಾದದ್ದು ತೆಳುವಾಗಲೇಬೇಕೆಂದರೆ ಬಾಟಲಿಯನ್ನು ಕೈ ತಾಳುವಷ್ಟು ಬಿಸಿಯ, 40 ಡಿಗ್ರಿ ಆಸುಪಾಸಿನ ನೀರಿನಲ್ಲಿಡಿ. ಒಲೆಯ ಮೇಲಿಟ್ಟರೆ ಕಿಣ್ವಗಳು, ಪರಿಮಳ ಎರಡೂ ಹೋಗುತ್ತವೆ. ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚಿರುವುದುಂಟು, ಹಾಗಾಗಿ ಹುಳಿಯುವ ಭಯ. ಆ ಬಾಟಲಿಗೆ ಒದ್ದೆ ಚಮಚ ಹಾಕದೆ, ಅದನ್ನೇ ಮೊದಲು ಖಾಲಿ ಮಾಡಿ.