‘ನಾವು’ ಯಾರು ಕಣಮ್ಮಾ?

(ಗಂಡನ ಜೊತೆ ಸಣ್ಣ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ ಓದುಗರೊಬ್ಬರು ತಮ್ಮ ಅನುಭವ ಬರೆದು ಕಳಿಸಿದ್ದರು. ಅವರಿಗೆ ನಾನು ಬರೆದ ಉತ್ತರ ಇದು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಹಾಕಿದ್ದೇನೆ. – ಸಂ.)

ನಮಸ್ಕಾರ ಕಣಮ್ಮಾ,

ನಿಮ್ಮ ಹದಿನಾಲ್ಕು ಪುಟ ಕೋಲಾರಕ್ಕೆ ಬಂದು ಮೂರು ವಾರ ಆಯಿತು. ಮೊದಲ ಸಲ ಖುಷಿಯಾಗಿಯೇ ಓದಿದೆ. ಸಿಟ್ಟು ಬಂದದ್ದು ಆಮೇಲೆ.

ಒಳ್ಳೆಯದನ್ನು ಮೊದಲು ಹೇಳಿಬಿಡ್ತೀನಿ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಆಡಿ ಬೆಳೆದವರು ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್‌ನಲ್ಲಿ ಹಾಯಿ ಬಿಚ್ಚಿ, 24 ದಿನಕ್ಕೆ ಕೆರಿಬಿಯನ್‌ನ ಸೇಂಟ್ ಲೂಸಿಯಾ ಮುಟ್ಟಿದ್ದು ಸಣ್ಣ ಮಾತಲ್ಲ. ಹತ್ತಿರ ಹತ್ತಿರ 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಕಾಗುಣಿತ ತಪ್ಪಿಲ್ಲ. ಚಂಡಮಾರುತದ ಕಾಲ ಮುಗಿಯುವ ನವೆಂಬರ್ ಕೊನೆವರೆಗೆ ಯಾಕೆ ಕಾದಿರಿ ಅನ್ನೋದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ‘ಬೆಣ್ಣೆ ಕರಗುವ ತನಕ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು’ ಅನ್ನುವ ನಾವಿಕರ ಹಳೆ ಮಾತೂ ಸೊಗಸಾಗಿದೆ. (ನಿಮ್ಮ ದೋಣಿಯಲ್ಲಿ ಬೆಣ್ಣೆ ಇತ್ತಾ? ಕರಗಿತಾ? ಬರೆದಿಲ್ಲ.)

‘ಸಣ್ಣ ಹಾಯಿದೋಣಿಯಲ್ಲಿ ಸಾಗರ ದಾಟಿದ ಭಾರತೀಯರು ಬಹುಶಃ ನಾವೇ ಮೊದಲು’ ಅನ್ನೋ ಸಾಲನ್ನು ಕೇಳದೆಯೇ ಹೊಡೆದು ಹಾಕಿದ್ದೇನೆ. ನೌಕಾಪಡೆಯ ದಿಲೀಪ್ ದೊಂಡೆ 2009-10ರಲ್ಲೇ ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ನೌಕಾಪಡೆಯ ಇಬ್ಬರು ಹೆಣ್ಣುಮಕ್ಕಳು, ದಿಲ್ನಾ ಮತ್ತು ರೂಪಾ, 2024ರ ಅಕ್ಟೋಬರ್‌ನಲ್ಲಿ ಗೋವಾದಿಂದ ತಾರಿಣಿ ದೋಣಿಯಲ್ಲಿ ಹೊರಟು, ಭೂಮಿ ಸುತ್ತಿ 2025ರ ಮೇನಲ್ಲಿ ವಾಪಸ್ ಬಂದರು. ಮೊದಲನೆಯವರಾಗುವ ಆಸೆ ಯಾಕೆ? ನಿಮ್ಮ ಕೈಯಲ್ಲಿ ಅದಕ್ಕಿಂತ ದೊಡ್ಡದೇ ಇದೆ, ಅದನ್ನು ಕಸದ ಜೊತೆ ಗುಡಿಸಿಬಿಟ್ಟಿದ್ದೀರಿ.

ಈಗ ನನ್ನ ಜಗಳ.

ಪುಟ ಒಂದು: ‘ಅನಂತ ನೀಲಿಯ ಮಡಿಲಲ್ಲಿ ನಮ್ಮ ಪುಟ್ಟ ದೋಣಿ ಕನಸಿನಂತೆ ತೇಲುತ್ತಿತ್ತು.’ ತೇಲುತ್ತಿತ್ತಾ? ಗಾಳಿ ಬೆನ್ನಿಗೆ ಬೀಸುವಾಗ ದೋಣಿ ಹಗಲೂ ರಾತ್ರಿ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತೆ ಅಂತ ನೀವೇ ಪುಟ ನಾಲ್ಕರಲ್ಲಿ ಬರೆದಿದ್ದೀರಿ. ತೂಗಾಡುವ ಒಲೆ ಮೇಲೆ ಕುಕ್ಕರನ್ನು ಕಂಬಿಗೆ ಬಿಗಿದು ಕಟ್ಟಿ ಅನ್ನ ಮಾಡಿದೆವು, ಆದರೂ ಒಂದು ದಿನ ಸಾರಿನ ಪಾತ್ರೆ ಹಾರಿ ಹಾಸಿಗೆ ಮೇಲೆ ಬಿತ್ತು ಅಂದಿದ್ದೀರಿ. ಯಾವ ಕನಸಿನಲ್ಲಿ ಸಾರು ಹಾಸಿಗೆಗೆ ಬೀಳುತ್ತೆ? 34 ಅಡಿ ದೋಣಿ. ನಮ್ಮ ಕೆಂಪು ಬಸ್ಸಿಗಿಂತ ಗಿಡ್ಡ. ಲೆಕ್ಕ ಹಾಕಿದೆ, ಗಂಟೆಗೆ ಒಂಬತ್ತು ಕಿಲೋಮೀಟರೂ ಇಲ್ಲ, ಬಂಗಾರಪೇಟೆ ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವನ ಸೈಕಲ್ಲು ನಿಮಗಿಂತ ಜೋರು. ಆ ವೇಗದಲ್ಲಿ ಒಂದು ಸಾಗರ ದಾಟಿದಿರಿ! ಇದನ್ನು ಬರೆದಿದ್ದರೆ ‘ಅನಂತ’ ಯಾಕೆ ಬೇಕಿತ್ತು?

ಇದೊಂದೇ ಆಗಿದ್ದರೆ ಪೆನ್ನಿನಲ್ಲೇ ಸರಿಮಾಡಿ ಅಚ್ಚಿಗೆ ಕಳಿಸುತ್ತಿದ್ದೆ. ನನಗೆ ನಿಜಕ್ಕೂ ಚುಚ್ಚಿದ್ದು ‘ನಾವು’.

ನಾವು ಹೆದರಿದೆವು. ನಾವು ಧೈರ್ಯ ತಂದುಕೊಂಡೆವು. ನಾವು ನಕ್ಷತ್ರ ನೋಡಿದೆವು. ಒಂದೊಂದಕ್ಕೂ ಸುತ್ತು ಹಾಕುತ್ತಾ ಹೋದೆ. ನೂರು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಪುಟ ಆರರ ಈ ಸಾಲು ನೋಡಿ: ‘ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಮೂರು ಮೂರು ಗಂಟೆ ಪಾಳಿಯಲ್ಲಿ ನಾವು ಎಚ್ಚರವಿರುತ್ತಿದ್ದೆವು.’ ಇದರ ಅರ್ಥ ಏನು? ಒಬ್ಬರು ಎದ್ದಿದ್ದರೆ ಇನ್ನೊಬ್ಬರು ಮಲಗಿದ್ದರು. ಹಾಗಿದ್ದ ಮೇಲೆ ರಾತ್ರಿಯ ನಕ್ಷತ್ರವನ್ನು ‘ನಾವು’ ನೋಡಿದ್ದು ಯಾವಾಗ? 24 ರಾತ್ರಿ, ರಾತ್ರಿಗೆ ಆರು ಗಂಟೆ. 144 ಗಂಟೆ ನೀವೊಬ್ಬರೇ ಕತ್ತಲಲ್ಲಿ ಕೂತಿದ್ದಿರಿ ಕಣಮ್ಮಾ. ಗಾಳಿ ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಯಂತ್ರದ ಕಿರ್ರು ಕಿರ್ರು ಸದ್ದು ಬಿಟ್ಟರೆ ಮಾತಾಡುವವರಿಲ್ಲ. ಗಂಡ ಐದಡಿ ದೂರದಲ್ಲಿ, ಹಲಗೆಯ ಆಚೆ, ನಿದ್ದೆಯಲ್ಲಿ. ಆ 144 ಗಂಟೆಗೆ ಹದಿನಾಲ್ಕು ಪುಟದಲ್ಲಿ ಸಿಕ್ಕಿದ್ದು ಒಂದು ಸಾಲು. ಅದರಲ್ಲೂ ನೀವಿಲ್ಲ, ‘ನಾವು’ ಇದೆ.

ನಮ್ಮ ಕಡೆ ಪಂಪ್‌ಸೆಟ್ ಇರೋ ಮನೆಗಳಲ್ಲಿ ಈ ಬಾಳು ಎಲ್ಲರಿಗೂ ಗೊತ್ತು. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಒಂದು ದಿನ ಗಂಡ ಎದ್ದು ತೋಟಕ್ಕೆ ಹೋಗಬೇಕು, ಇನ್ನೊಂದು ದಿನ ಹೆಂಡತಿ. ಹಾಗೆ ಟಾರ್ಚ್ ಹಿಡಿದು ಮಡೆ ತಿರುಗಿಸಿ ಬಂದ ಹೆಂಗಸು ‘ನಾವು ನೀರು ಹಾಯಿಸಿದೆವು’ ಅನ್ನಲ್ಲ. ‘ನಾನು ಹೋಗಿದ್ದೆ, ಅವರು ಗೊರಕೆ ಹೊಡೀತಿದ್ರು’ ಅಂತಾಳೆ.

ಪುಟ ಹತ್ತು: ‘ಹನ್ನೊಂದನೆಯ ರಾತ್ರಿ ದಿಢೀರ್ ಬಿರುಗಾಳಿ ಮಳೆ. ಆ ಅನುಭವ ವರ್ಣಿಸಲು ಪದಗಳೇ ಸಾಲದು. ಹೇಗೋ ಪಾರಾದೆವು.’ ಪದ ಸಾಲದೆ ಬಂದದ್ದಲ್ಲ ಇದು, ನೀವು ಹುಡುಕಲಿಲ್ಲ. ‘ಹೇಗೋ’ ಅಂದರೆ ಹೇಗೆ? ಪಾಳಿ ಯಾರದು? ನಕ್ಷತ್ರಗಳು ಒಂದು ಕಡೆಯಿಂದ ಅಳಿಸಿಕೊಂಡು ಬರುವುದನ್ನು ನೋಡಿದವರು ಯಾರು? ಮಳೆಗೆ ಮೊದಲು ತಣ್ಣನೆ ಗಾಳಿ ಮೊದಲು ತಾಗಿದ್ದು ಯಾರ ಕತ್ತಿಗೆ? ಹಾಯಿ ಇಳಿಸಿ ಮಡಚಿ ಕಟ್ಟಬೇಕಾದರೆ ಸೊಂಟಕ್ಕೆ ಹಗ್ಗ ಬಿಗಿದು ಒಬ್ಬರು ಕಂಬದ ಹತ್ತಿರ ಹೋಗಲೇಬೇಕು, ಇನ್ನೊಬ್ಬರು ಹಿಂದೆ ಚುಕ್ಕಾಣಿ ಹಿಡಿಯಬೇಕು. ಹೋದವರು ಯಾರು? ಮಲಗಿದ್ದವರನ್ನು ಏನಂತ ಕೂಗಿ ಎಬ್ಬಿಸಿದಿರಿ, ಕನ್ನಡದಲ್ಲೋ, ಶ್ರೀನಿವಾಸಪುರದ ತೆಲುಗಿನಲ್ಲೋ? ‘ಹೇಗೋ’ ಅನ್ನೋ ಎರಡು ಅಕ್ಷರದ ಹಿಂದೆ ಇಬ್ಬರು ಮನುಷ್ಯರು ಒದ್ದೆಯಾಗಿ ನಡುಗುತ್ತಾ ನಿಂತಿದ್ದಾರೆ.

ಸಿಟ್ಟು ಜಾಸ್ತಿ ಆಯ್ತು ಅನ್ನಿಸಿದರೆ ಕ್ಷಮಿಸಿ. ನನಗೂ ಹೀಗೇ ಬೈದಿದ್ದರು.

1984ರಲ್ಲಿ ಇಲ್ಲೇ ಒಂದು ವಾರಪತ್ರಿಕೆಗೆ ಸೇರಿದೆ. ಆಗ ಅಚ್ಚುಮೊಳೆಯ ಕಾಲ, ಒಂದೊಂದು ಅಕ್ಷರವನ್ನೂ ಕೈಯಲ್ಲಿ ಜೋಡಿಸಬೇಕು. ಎರಡನೇ ವಾರಕ್ಕೇ ಕಾಂಪೋಸಿಟರ್ ಎದ್ದು ಬಂದರು. ‘ಏನಪ್ಪಾ, ನಿನ್ನೊಬ್ಬನ ಅತ್ಯಂತಕ್ಕೇ ನನ್ ಕೇಸಲ್ಲಿರೋ ಯ ಒತ್ತೆಲ್ಲ ಖಾಲಿ. ಬೇರೆಯೋರು ಬರೀಬಾರ್ದಾ?’ ಎಲ್ಲರೂ ನಕ್ಕರು. ನಾನೂ ನಕ್ಕೆ, ಬುದ್ಧಿ ಬರಲಿಲ್ಲ.

ಆಮೇಲೆ ಮಾಲೂರಿನ ಹತ್ತಿರದ ಒಂದು ಹಳ್ಳಿಗೆ ಕಳಿಸಿದರು. ಎರಡು ಬೋರ್ ಫೇಲಾಗಿ ಮೂರನೆಯದರಲ್ಲಿ ನೀರು ಬಂದಿತ್ತು. ಬೂದಿ ಬಣ್ಣದ ಕೆಸರು ಮೇಲಕ್ಕೆ ಚಿಮ್ಮಿದ್ದು ನೋಡಿ, ಬಸ್ ಹತ್ತಿ ಬಂದು ಬರೆದೆ: ‘ಗಂಗೆಯನ್ನು ಕಂಡ ಜನರ ಆನಂದಕ್ಕೆ ಪಾರವೇ ಇರಲಿಲ್ಲ.’ ನಮ್ಮ ಸಂಪಾದಕರು ಓದಿ, ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು. ‘ಮೊದಲು ಆ ನೀರು ಬಾಯಿಗೆ ಹಾಕ್ಕೊಂಡೋರು ಯಾರು?’ ಗೊತ್ತಿರಲಿಲ್ಲ. ‘ಕೇಳ್ಕೊಂಡು ಬಾ’ ಅಂದರು. ಮಾರನೆ ದಿನ ನನ್ನ ದುಡ್ಡಿನಲ್ಲೇ ಹೋದೆ. ಜಮೀನಿನವರ ಹೆಂಡತಿಯಂತೆ. ನೀರು ತಿಳಿಯಾಗೋ ತನಕ ಕಾದು, ಬೊಗಸೆಯಲ್ಲಿ ಹಿಡಿದು, ಬಾಯಿ ಮುಕ್ಕಳಿಸಿ ಉಗಿದು, ‘ಸೌಳು’ ಅಂದು ಒಳಗೆ ಹೋದರಂತೆ. ಅಷ್ಟೇ. ನಾನು ಕೆಸರು ನೋಡಿ ಬಸ್ಸಿಗೆ ಓಡಿದ್ದೆ. ಇನ್ನೊಂದು ಗಂಟೆ ನಿಂತಿದ್ದರೆ ಆ ‘ಸೌಳು’ ನನ್ನ ಕಿವಿಗೇ ಬೀಳುತ್ತಿತ್ತು.

ಅದಕ್ಕೇ ನಿಮ್ಮ ಪುಟ ಒಂಬತ್ತು ನೋಡಿ ಹೊಟ್ಟೆ ಉರಿಯಿತು. ‘260 ಲೀಟರ್ ಸಿಹಿನೀರು ತುಂಬಿಕೊಂಡಿದ್ದೆವು. ಮಿತವಾಗಿ ಬಳಸಿದೆವು.’ ಮುಗಿಯಿತು! ಅಮ್ಮಾ, ಓದುವವರು ಕೋಲಾರದವರು. ವರ್ಷವಿಡೀ ಹರಿಯುವ ನದಿ ಇಲ್ಲದ ಊರಿನವರು. 260 ಲೀಟರ್ ಅಂದರೆ ಅವರಿಗೆ ಇಪ್ಪತ್ತು ಬಿಂದಿಗೆ. ಇಬ್ಬರಿಗೆ, 24 ದಿನಕ್ಕೆ. ದಿನಕ್ಕೆ ಒಂದು ಬಿಂದಿಗೆಯೂ ಇಲ್ಲ. ಟ್ಯಾಂಕರ್‌ಗೆ ಕಾದು ಕೂತವರು ಇದನ್ನು ಓದಿದರೆ ಪುಟ ತಿರುಗಿಸದೆ ಅಲ್ಲೇ ನಿಲ್ಲುತ್ತಾರೆ. ಅನ್ನಕ್ಕೆ ಸಮುದ್ರದ ನೀರು ಎಷ್ಟು ಬೆರೆಸಿದಿರಿ? ಪಾತ್ರೆ ಯಾವ ನೀರಲ್ಲಿ ತೊಳೆದಿರಿ? ಆ ಬಿರುಗಾಳಿ ರಾತ್ರಿಯ ಮಳೆ ನೀರನ್ನು ‘ಸ್ವಲ್ಪ ಹಿಡಿದೆವು’ ಅಂತ ಬೇರೆ ಪುಟದಲ್ಲಿ ಬರೆದಿದ್ದೀರಿ. ಹೆಂಚಿನ ಸೂರಿನ ಕೆಳಗೆ ಬಿಂದಿಗೆ, ಬಕೆಟ್ಟು, ಕೊನೆಗೆ ಒಗ್ಗರಣೆ ಬಟ್ಟಲನ್ನೂ ಇಡುವ ಊರಿನವರು ನೀವು. ಹೆದರಿಸಿದ ಮೋಡವೇ ಕುಡಿಯೋಕೂ ಕೊಟ್ಟಿತು, ಆದರೆ ಎರಡನ್ನೂ ಎರಡು ಪುಟಕ್ಕೆ ಹರಿದು ಹಾಕಿದ್ದೀರಿ.

1973ರಲ್ಲಿ ಬೈಲಿ ಅನ್ನೋ ಇಂಗ್ಲಿಷ್ ದಂಪತಿಯ ದೋಣಿಯನ್ನು ಶಾಂತಸಾಗರದಲ್ಲಿ ತಿಮಿಂಗಿಲ ಒಡೆಯಿತು. ರಬ್ಬರಿನ ತೆಪ್ಪದಲ್ಲಿ 117 ದಿನ ಬದುಕಿದರು. ಆ ಹೆಂಗಸು ಸೇಫ್ಟಿ ಪಿನ್ ಬಗ್ಗಿಸಿ ಗಾಳ ಮಾಡಿ ಮೀನು ಹಿಡಿದರು. ಅವರ ಬಗ್ಗೆ ಓದಿದ ಸಾಹಸ ಧೈರ್ಯ ಎಲ್ಲ ಮರೆತಿದ್ದೇನೆ, ಪಿನ್ನು ಮರೆತಿಲ್ಲ.

ನಿಮ್ಮ ಹತ್ತಿರವೂ ಒಂದು ಪಿನ್ನಿದೆ. ಪುಟ ಹನ್ನೆರಡರ ಕೊನೆಯಲ್ಲಿ, ಕಂಸದೊಳಗೆ: ‘(ಹದಿನಾರನೆಯ ದಿನ ನಾನು ತಲೆಗೆ ಎರಡು ಲೀಟರ್ ಸಿಹಿನೀರು ಹಾಕಿಕೊಂಡಿದ್ದಕ್ಕೆ ಸಣ್ಣ ಮುನಿಸು. ಸಂಸಾರ ಅಂದ ಮೇಲೆ ಇದ್ದದ್ದೇ ಅಲ್ವಾ!)’

ಇದ್ದದ್ದೇ ಅಲ್ಲ. ಉಪ್ಪುನೀರಿನಲ್ಲಿ ಸೋಪು ನೊರೆ ಬರಲ್ಲ, ಹದಿನೈದು ದಿನದ ಉಪ್ಪಿಗೆ ಕೂದಲು ಹಗ್ಗವಾಗಿರುತ್ತೆ, ದಡ ಇನ್ನೂ ಎಂಟು ದಿನದ ಆಚೆ. ಮುನಿಸಿಕೊಂಡು ಎದ್ದು ಹೋಗೋಕೆ ತವರುಮನೆ ಇಲ್ಲ, ಪಕ್ಕದ ಕೋಣೆಯೂ ಇಲ್ಲ. ಮೂರು ಗಂಟೆಗೊಮ್ಮೆ ಅದೇ ಮನುಷ್ಯನ ಭುಜ ಅಲ್ಲಾಡಿಸಿ ‘ನಿಮ್ಮ ಪಾಳಿ’ ಅನ್ನಬೇಕು. ಮಾತು ಬಿಟ್ಟವರು ಅದನ್ನು ಹೇಗೆ ಹೇಳಿದಿರಿ?

ಹದಿನಾಲ್ಕು ಪುಟ ಪಕ್ಕಕ್ಕಿಡಿ. ಹದಿನಾರನೆಯ ದಿನದಿಂದ ಶುರುಮಾಡಿ ಆರು ಪುಟ ಬರೆದು ಯುಗಾದಿಯೊಳಗೆ ಕಳಿಸಿ. ‘ನಾನು’ ಅಂತ ಬರೆಯಿರಿ, ಅವರನ್ನು ‘ಅವರು’ ಅಂತ ಬರೆಯಿರಿ. ಸೂರ್ಯಾಸ್ತದ ಫೋಟೋ ಬೇಡ, ನೀರಿನ ಲೆಕ್ಕ ಬರೆದಿಟ್ಟ ಪುಸ್ತಕ ಇದ್ದರೆ ಅದರ ಒಂದು ಹಾಳೆಯ ಫೋಟೋ ಸಾಕು. ಆ ಎರಡು ಲೀಟರಿಗೆ ನಿಮ್ಮ ಯಜಮಾನರು ಏನಂದರೋ ಅದನ್ನು ಅಂದ ಹಾಗೇ ಹಾಕಿ. ಬೈಗುಳ ಇದ್ದರೆ ಇರಲಿ, ತೆಗೆಯೋದು ಬಿಡೋದು ನನ್ನ ಕೆಲಸ.