ರಂಗದ ಮೇಲೆ ಚಿತ್ರೀಕರಿಸಿ ಸಿನಿಮಾ ಥಿಯೇಟರಿಗೆ ತರುವ ಸಂಗೀತ ನಾಟಕ ಅಷ್ಟು ಜೀವಂತ, ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ನಾನು ಮೊಬೈಲಲ್ಲಿ ಹಿಡಿದದ್ದು ಸಪ್ಪೆ. ಯಾಕೆ?

ಅವನ್ನು ಹಲವು ಕ್ಯಾಮೆರಾ ಇಟ್ಟು, ಎಷ್ಟೋ ಸಲ ಒಂದಕ್ಕಿಂತ ಜಾಸ್ತಿ ಪ್ರದರ್ಶನಗಳಲ್ಲಿ ಚಿತ್ರೀಕರಿಸುತ್ತಾರೆ. 2016ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಹ್ಯಾಮಿಲ್ಟನ್’ ಅನ್ನುವ ಸಂಗೀತ ನಾಟಕವನ್ನು ಚಿತ್ರೀಕರಿಸಿದಾಗ, ಪ್ರೇಕ್ಷಕರಿಲ್ಲದ ಹೊತ್ತಿನಲ್ಲೂ ಹತ್ತಿರದ ಶಾಟ್‌ಗಳನ್ನು ತೆಗೆದರು.

ರಂಗಮಂದಿರದಲ್ಲಿ ಕೂತಾಗ ಯಾರನ್ನು ನೋಡಬೇಕು ಅಂತ ನಿಮ್ಮ ಕಣ್ಣೇ ಆರಿಸುತ್ತದೆ, ಅಲ್ವಾ? ಹಿಂದಿನ ಸಾಲಿನ ಮೊಬೈಲ್ ಸುಮ್ನೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ಹಿಡಿಯುತ್ತದೆ. ಕಣ್ಣಿನ ಆ ಕೆಲಸವನ್ನು ಥಿಯೇಟರಿಗೆ ಬರುವ ಚಿತ್ರದಲ್ಲಿ ಸಂಕಲನಕಾರರು ಮಾಡುತ್ತಾರೆ.

ನನ್ನ ಪ್ರಕಾರ ಧ್ವನಿ ಇನ್ನೂ ಮುಖ್ಯ. ನಟರ ಮೈಕು, ವಾದ್ಯಗಳ ಮೈಕು ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತವೆ. ಆಮೇಲೆ ಹದ ನೋಡಿ ಬೆರೆಸುತ್ತಾರೆ. ನಿಮ್ಮ ಮೊಬೈಲಿಗೆ ಸಿಗುವುದು ಗೋಡೆಗೆ ಬಡಿದು ಬಂದ ಹಾಡು, ಜೊತೆಗೆ ಪಕ್ಕದವರ ಕೆಮ್ಮು. ಮುಂದಿನ ಸಲ ಸೌಂಡ್‌ನವರನ್ನು ಕೇಳಿ, ಮೈಕುಗಳ ಧ್ವನಿ ಬೆರೆಸುವ ಮಿಕ್ಸರ್‌ನಿಂದಲೇ ಧ್ವನಿ ರೆಕಾರ್ಡ್ ಮಾಡಿಸಿಕೊಳ್ಳಿ.